ಹಂಡೆಗೆ ಓಗೊಟ್ಟವರು

ಸುತ್ತಿಗೆಯ ಒಂದೇ ಏಟಿಗೆ ನಾನು ಹನ್ನೊಂದು ನೂರು ಮಂದಿಯ ಹುಚ್ಚು ಬಿಡಿಸಿದ್ದೇನೆ. ಆಗ ನಮ್ಮೂರಲ್ಲಿ ಇದ್ದದ್ದೇ ಒಂಬೈನೂರು ಜನ. ಕಡಿಮೆಬಿದ್ದ ಇನ್ನೂರು ಮಂದಿಯನ್ನು ಪಕ್ಕದೂರಿನಿಂದ ಎರವಲು ತರಿಸಬೇಕಾಯಿತು. ಏಟಿನ ಸದ್ದು ಮೂರು ಹಗಲು ನಿಲ್ಲಲಿಲ್ಲ. ಎಮ್ಮೆಗಳು ಹುಲ್ಲು ಬಿಟ್ಟು ಆ ಸದ್ದನ್ನೇ ಮೆಲುಕು ಹಾಕಿದವು, ಆ ವಾರದ ಹಾಲು ಕಾಯಿಸಿದರೆ ಉಕ್ಕುವ ಮೊದಲು ಠಣ್ ಎನ್ನುತ್ತಿತ್ತು. ನಂಬದಿದ್ದರೆ ಬಿಡಿ. ಇಪ್ಪತ್ತೆರಡು ವರ್ಷಗಳಿಂದ ಹೇಳುತ್ತ ಬಂದಿದ್ದೇನೆ, ಒಬ್ಬರೂ ನಂಬಿರಲಿಲ್ಲ, ಅದರಿಂದ ನನಗೇನೂ ತೊಂದರೆಯಾಗಿರಲಿಲ್ಲ. ತೊಂದರೆಯಾದದ್ದು ಒಬ್ಬ ನಂಬಿದ ದಿನ.

ನನ್ನ ಹೆಸರು ಮೌನಪ್ಪ. ಹೆಸರಿಟ್ಟವರು ದುಡುಕಿದರು ಎಂಬುದು ಊರವರ ಅಭಿಪ್ರಾಯ. ಕಸುಬಿನಿಂದ ಕಂಚುಗಾರ. ತಾಮ್ರ, ಹಿತ್ತಾಳೆ, ಕಂಚು ಮೂರೂ ನನ್ನ ನೆರಳು ಕಂಡರೆ ತಾವಾಗಿಯೇ ಬಗ್ಗುತ್ತವೆ. ನಾನು ಬಡಿದ ಕೊಡದಲ್ಲಿ ನೀರು ತುಂಬಿಟ್ಟು ಯಾತ್ರೆಗೆ ಹೋದವರು ಮೂರು ತಿಂಗಳ ಮೇಲೆ ಬಂದು ನೋಡಿದರೆ ನೀರು ಒಂದು ಸೇರು ಹೆಚ್ಚಾಗಿತ್ತು. ಇರಲಿ, ಅದು ಬೇರೆಯ ಮಾತು.

ನಮ್ಮೂರಲ್ಲಿ ಕಂಚುಗಾರನ ಕೆಲಸ ಬೇರೆ ಊರುಗಳ ಹಾಗಲ್ಲ. ಇಲ್ಲಿ ಯಾರಿಗಾದರೂ ಮನಸ್ಸು ಕೆಟ್ಟರೆ ಅವರ ಮಾತು ಬಾಯಿಂದ ಹೊರಡುವುದು ನಿಂತುಹೋಗುತ್ತದೆ. ಮನೆಯ ಯಾವುದೋ ಒಂದು ಪಾತ್ರೆಯಿಂದ ಹೊರಡತೊಡಗುತ್ತದೆ. ಯಾವ ಪಾತ್ರೆ ಎಂದು ಮೊದಲೇ ಹೇಳಲಾಗುವುದಿಲ್ಲ. ಗೌಡರ ಅಜ್ಜ ಕೊನೆಗಾಲದಲ್ಲಿ ಪೀಕದಾನಿಯಿಂದ ಮಾತಾಡಿದ. ಮನೆಯಲ್ಲಿ ಎಲೆ ಅಡಿಕೆ ಹಾಕುವವರೆಲ್ಲ ಹಿತ್ತಲಿಗೆ ಹೋಗಿ ಉಗುಳಬೇಕಾಯಿತು. ಮದುವೆ ಮುರಿದ ಅಗಸರ ಹುಡುಗಿ ಸೌಟಿನಿಂದ ಅತ್ತಳು. ಆ ಮನೆಯವರು ಒಂದು ವರ್ಷ ಸಾರನ್ನು ಬಟ್ಟಲಿನಲ್ಲಿ ಮೊಗೆದರು. ಹೆಣ್ಣು ನೋಡಲು ಬಂದವರು ಹುಡುಗಿಯ ಮುಖ ಆಮೇಲೆ ನೋಡುತ್ತಾರೆ. ನೀರು ಕುಡಿಯುವ ನೆಪದಲ್ಲಿ ಅಡುಗೆಮನೆಗೆ ಹೋಗಿ ಒಂದೊಂದೇ ಮುಚ್ಚಳ ಎತ್ತಿ ಕಿವಿಗೊಡುವುದು ಮೊದಲು. ಮಾತಾಡುವ ಪಾತ್ರೆಯಿದ್ದವರು ಅದನ್ನು ಅಟ್ಟದ ಮೇಲೆ ಜೋಳದ ಚೀಲಗಳ ಹಿಂದೆ ಅಡಗಿಸಿಟ್ಟು, ಬೀಗರ ಮುಂದೆ ಸುಮ್ಮಸುಮ್ಮನೆ ಕೆಮ್ಮುತ್ತಿರುತ್ತಾರೆ.

ಇಷ್ಟಕ್ಕೆಲ್ಲ ಇದ್ದ ನೇಮ ಒಂದೇ: ಪಾತ್ರೆಗೆ ಓಗೊಡಬಾರದು. ಅದು ಕರೆಯಲಿ, ಬೇಡಲಿ, ಬೈಯಲಿ, ಓ ಎಂದವರ ನಾಲಿಗೆಗೂ ರೋಗ ಹತ್ತುತ್ತದೆ. ನಮ್ಮ ಮಕ್ಕಳಿಗೆ ಮೊದಲು ಕಲಿಸುವುದು ಬೆಂಕಿಗೆ ಕೈ ಹಾಕಬೇಡ ಎಂದು, ಎರಡನೆಯದು ಪಾತ್ರೆಗೆ ಓ ಅನ್ನಬೇಡ ಎಂದು. ಹಾಗಾಗಿ ಕಾಯಿಲೆಯ ಮನೆಯವರು ಆ ಮಾತು ಕಿವಿಗೆ ಬೀಳದಿರಲೆಂದು ಜೋರಾಗಿ ಹಾಡುತ್ತಾರೆ, ಕುಟ್ಟುವುದಕ್ಕೆ ಏನೂ ಇಲ್ಲದಿದ್ದರೂ ಖಾಲಿ ಒರಳಿನಲ್ಲಿ ಒನಕೆ ಹಾಕುತ್ತಾರೆ. ಯಾವ ಮನೆಯಿಂದ ಬೆಳಗಿನಿಂದ ಬೈಗಿನ ತನಕ ಹಾಡು ಕೇಳುತ್ತದೋ ಆ ಮನೆಯಲ್ಲಿ ಯಾರಿಗೋ ಬಹಳ ದುಃಖವಾಗಿದೆ ಎಂದು ಅರ್ಥ.

ಚಿಕಿತ್ಸೆಗೇನೂ ಬರಗಾಲವಿರಲಿಲ್ಲ. ಪಂಡಿತರು ಬಂದು ನಾಡಿ ಹಿಡಿದು, ಪಿತ್ತ ನೆತ್ತಿಗೇರಿದೆ ಎಂದು ತಲೆ ಬೋಳಿಸಿ ಒಂದೆಲಗದ ಸೊಪ್ಪು ಅರೆದು ಕಟ್ಟುತ್ತಿದ್ದರು. ಹತ್ತು ವರ್ಷದ ಹಳೆಯ ತುಪ್ಪವನ್ನು ಮೂಗಿಗೆ ಬಿಡುತ್ತಿದ್ದರು. ಅದಕ್ಕೆ ಬಗ್ಗದಿದ್ದರೆ ಮಂತ್ರವಾದಿ. ಗಾಳಿ ಸೋಕಿದೆ ಎಂದು ಅವನು ಬೇವಿನ ಬರಲಿನಿಂದ ಹೊಡೆಯುತ್ತ ದೆವ್ವದ ಹೆಸರು ಕೇಳುತ್ತಿದ್ದ. ಏಟು ತಾಳಲಾರದೆ ಎಲ್ಲರೂ ಕೊನೆಗೆ ಯಾರದೋ ಒಂದು ಹೆಸರು ಹೇಳುತ್ತಿದ್ದರು. ಒಬ್ಬಾಕೆ ಮಂತ್ರವಾದಿಯ ಹೆಸರನ್ನೇ ಹೇಳಿಬಿಟ್ಟಳು, ಅವತ್ತು ಅವನು ಬೇಗ ಮನೆಗೆ ಹೋದ. ಅದಕ್ಕೂ ಬಗ್ಗದಿದ್ದರೆ ಬರೆ ಹಾಕುವ ಜಟ್ಟೆಪ್ಪ. ಕಬ್ಬಿಣದ ಸರಳು ಕೆಂಪಗೆ ಕಾಯಿಸಿ ಹಣೆಗೆ, ಅಂಗಾಲಿಗೆ ಎಳೆಯುತ್ತಿದ್ದ. ನೋವು ದೊಡ್ಡದಾದರೆ ಹುಚ್ಚು ಹೆದರಿ ಓಡುತ್ತದೆ ಎಂಬುದು ಅವನ ಶಾಸ್ತ್ರ. ಎಲ್ಲರ ಕೊನೆಗೆ ಕಂಚುಗಾರ: ಮಾತಾಡುವ ಪಾತ್ರೆಯನ್ನು ಬಡಿದು ಚಪ್ಪಟೆ ಮಾಡಿದರೆ ಮಾತಿಗೆ ಮನೆಯಿಲ್ಲದಂತಾಗುತ್ತದೆ ಎಂದು. ಇವರ್ಯಾರೂ ಕೆಟ್ಟವರಲ್ಲ. ಜಟ್ಟೆಪ್ಪ ಬರೆ ಹಾಕಿದ ಮೇಲೆ ತಾನೇ ಕುಳಿತು ಬೆಣ್ಣೆ ಹಚ್ಚುತ್ತಿದ್ದ, ಕಣ್ಣೊರೆಸಿಕೊಳ್ಳುತ್ತಿದ್ದ. ಕೆಲವರು ವಾಸಿಯಾದರು, ಹಲವರು ಆಗಲಿಲ್ಲ. ಆದವರನ್ನು ನಾವು ಎಣಿಸಿಕೊಂಡೆವು, ಆಗದವರನ್ನು ಅಟ್ಟ ಹತ್ತಿಸಿದೆವು.

ಆ ದಿನ ಬೆಳಿಗ್ಗೆ ನಾನು ಅಂಗಡಿಯ ಜಗಲಿಯ ಮೇಲೆ ಒಂದು ಕೊಡದ ಕಂಠ ತಿದ್ದುತ್ತ ಕುಳಿತಿದ್ದೆ. ಮೇಲಿನ ಪೇಟೆಯ ಕಡೆಯಿಂದ ಮೂವತ್ತರ ಆಸುಪಾಸಿನ ಒಬ್ಬ ಬಂದ. ಕಂಕುಳಲ್ಲಿ ದಪ್ಪ ಟವೆಲ್ಲಿನಲ್ಲಿ ಸುತ್ತಿದ ಏನನ್ನೋ ಅವುಚಿಕೊಂಡಿದ್ದ.

"ಆಚಾರಿ ಕಾಕಾ ಅಂದ್ರ ನೀವ ಏನ್ರಿ?"

"ನಾನ. ಸುತ್ತ ಏಳೂರಿನ್ಯಾಗ ಇನ್ನೊಬ್ಬ ಅದಾನ ಅಂದ್ರ ಅಂವ ನಕಲಿ."

ಅವನು ಚನ್ನವೀರ, ಅರಳೆ ಮಾರುವವರ ಮನೆಯವನು. ಟವೆಲ್ಲಿನಲ್ಲಿದ್ದದ್ದು ಹಿತ್ತಾಳೆಯ ತಂಬಿಗೆ. ಅವನ ತಂಗಿ ಗುರವ್ವನ ಗಂಡ ಎರಡೂವರೆ ತಿಂಗಳ ಹಿಂದೆ ಜ್ವರದಲ್ಲಿ ತೀರಿಕೊಂಡಿದ್ದ. ತಿಥಿಯ ಮರುದಿನದಿಂದ ಗುರವ್ವನ ಬಾಯಿ ಮುಚ್ಚಿ ತಂಬಿಗೆ ಮಾತಾಡುತ್ತಿತ್ತು. ಪಂಡಿತರದೂ ಆಯಿತು, ಬೇವಿನ ಬರಲೂ ಆಯಿತು. ಈಗ ಜಟ್ಟೆಪ್ಪನ ಮಗ ಮಧ್ಯಾಹ್ನಕ್ಕೆ ಸರಳು ತರುವವನಿದ್ದ.

"ಅರ್ಧ ದಿನಾ ಕೊಡ್ರಿ ಅಂತ ಹಿರ್ಯಾರ ಕಾಲ ಹಿಡದು ಬಂದೀನಿ ಕಾಕಾ. ಹಜಾಮರ ಅಂಗಡಿಯಾಗ ನಿಮ್ಮ ಸುದ್ದಿ ಕೇಳಿದೆ. ಒಂದ ಏಟಿಗೆ ಆರಾಮ ಮಾಡ್ತೀರಂತ, ಖರೆ ಏನ್ರಿ?"

ಹಜಾಮರ ಅಂಗಡಿಯಲ್ಲಿ ನಗುವುದಕ್ಕಾಗಿ ಹೇಳುವ ಕಥೆ ಅದು. ಇವನು ನಗದೆ ಕೇಳಿಸಿಕೊಂಡು ಬಂದಿದ್ದ. ಅಷ್ಟರಲ್ಲಿ ಟವೆಲ್ಲಿನೊಳಗಿನಿಂದ ಸಣ್ಣಗೆ, "ಅಣ್ಣಾ, ಎಲ್ಲಿಗೆ ಬಂದ್ವಿ?" ಎಂದಿತು. ಚನ್ನವೀರ ಜೋರಾಗಿ ಕೆಮ್ಮಿದ.

ಅಲ್ಲಿಗೇ ನಿಜ ಹೇಳಿ ಕೈ ಮುಗಿಯಬೇಕಿತ್ತು. ಆದರೆ ನನ್ನ ನಾಲಿಗೆಗೆ ಕೇಳುವ ಕಿವಿ ಸಿಕ್ಕರೆ ಸಾಕು, ಇಳಿಜಾರಿನ ಗಾಡಿ. ಶುರುಮಾಡಿಬಿಟ್ಟೆ. ನನ್ನ ಹೆಂಡತಿ ಸಾವಂತ್ರಿಗೆ ಚೊಚ್ಚಲ ಹೆರಿಗೆಯಲ್ಲಿ ಬಾಣಂತಿ ಸನ್ನಿ ಆದದ್ದು, ಬಚ್ಚಲ ಮನೆಯ ಹಂಡೆ ಮಾತಾಡಿದ್ದು. ಊರೆಲ್ಲ ಹೆದರಿ ಓಡಿದಾಗ ನಾನೊಬ್ಬನೇ ನಲವತ್ತು ದಿನ ಹಂಡೆಯ ಪಕ್ಕದಲ್ಲಿ ಅಲುಗಾಡದೆ ಕುಳಿತಿದ್ದು, ಎಷ್ಟು ಅಲುಗಾಡಲಿಲ್ಲವೆಂದರೆ ಮೊಣಕಾಲಿನ ಮೇಲೆ ಗುಬ್ಬಿ ಗೂಡು ಕಟ್ಟಿ ಮೂರು ಮರಿ ಮಾಡಿದ್ದು. ಬರೆ ಹಾಕಲು ಬಂದ ಜಟ್ಟೆಪ್ಪನನ್ನು ಅವನ ಒಲೆ, ಇದ್ದಿಲು, ಸರಳಿನ ಸಮೇತ ಎತ್ತಿ ಬಿಸಾಡಿದ್ದು, ಅವನು ನೆಲ ಮುಟ್ಟುವಷ್ಟರಲ್ಲಿ ಇದ್ದಿಲು ಆರಿಹೋಗಿದ್ದು. ಕೊನೆಗೆ ನಲವತ್ತನೆಯ ದಿನ ನಾನು ಸುತ್ತಿಗೆ ಎತ್ತಿ ಒಂದೇ ಒಂದು ಏಟು ಕೊಟ್ಟದ್ದು. ಹಂಡೆ ಕುಂಬಳಕಾಯಿಯ ಹಾಗೆ ಎರಡು ಹೋಳಾಗಿದ್ದು. ರೋಗ ಕಪ್ಪೆಯ ಹಾಗೆ ಜಿಗಿದು ಮೋರಿಯಲ್ಲಿ ಓಡಿಹೋಗಿದ್ದು. ಸಾವಂತ್ರಿ ಎದ್ದು ಬಂದು "ರೀ" ಎಂದದ್ದು. ಆ ಸದ್ದು ಕೇಳಿದವರೆಲ್ಲ ತಮ್ಮ ತಮ್ಮ ಹುಚ್ಚಿನಿಂದ ವಾಸಿಯಾದದ್ದು.

ಕಥೆ ಮುಗಿದಾಗ ಚನ್ನವೀರನ ಕಣ್ಣಲ್ಲಿ ನೀರಿತ್ತು. ಇಪ್ಪತ್ತೆರಡು ವರ್ಷಗಳಲ್ಲಿ ನನ್ನ ಕಥೆಗೆ ಅತ್ತವನು ಅವನೊಬ್ಬನೇ.

ಅವನು ಟವೆಲ್ಲಿನ ಸಮೇತ ತಂಬಿಗೆಯನ್ನು ನಾನು ಪಾತ್ರೆ ಬಡಿಯುವ ಅಡಿಗಲ್ಲಿನ ಮೇಲೆ ಇಟ್ಟ. "ಹೊಡೀರಿ ಕಾಕಾ."

"ಅಲ್ಲೋ ತಮ್ಮಾ, ಹಿಂಗ ಒಮ್ಮಿಂದೊಮ್ಮೆ ಅಂದ್ರ... ನಲವತ್ತು ದಿನಾ ಮೊದಲ ಕುಂಡ್ರಬೇಕಾಗ್ತೈತಿ."

"ಮಧ್ಯಾಹ್ನಕ್ಕ ಸರಳು ಕಾಯಿಸ್ತಾರ್ರಿ. ನಲವತ್ತು ದಿನಾ ಎಲ್ಲಿಂದ ತರ್ಲಿ?"

"ತಂಬಿಗಿ ಬ್ಯಾರೆ, ಹಂಡೆ ಬ್ಯಾರೆ. ಹಿತ್ತಾಳಿಗೆ ಸುತ್ತಿಗಿ ಬ್ಯಾರೆ ಬೇಕು. ಅದು ಬೀಗರ ಊರಾಗ ಐತಿ."

"ನಿಮ್ಮ ಕೈಯಾಗಿಂದು ಏನ್ರಿ ಮತ್ತ?"

ನನ್ನ ಕೈಯಲ್ಲಿ ಸುತ್ತಿಗೆಯೇ ಇತ್ತು. ನಾನು ಅದನ್ನು ಕೆಳಗಿಡುವಷ್ಟರಲ್ಲಿ ಚನ್ನವೀರ ಕಿತ್ತುಕೊಂಡ. "ನೀವು ದೊಡ್ಡವ್ರು, ಮಾಡಿ ತೋರಿಸಿದ್ದೀರಿ. ಎಲ್ಲಿ ಹೊಡೀಬೇಕು ಅಷ್ಟ ಹೇಳ್ರಿ, ನಾನ ಹೊಡೀತೀನಿ," ಎಂದು ಎತ್ತಿಯೇಬಿಟ್ಟ.

"ಏ ತಮ್ಮಾ, ಕೈ ಇಳಸು."

ಒಳಗಿನಿಂದ ಸಾವಂತ್ರಿ ಬಂದು ನಿಂತಿದ್ದಳು. ಜೋರಾಗಿ ಹೇಳಲಿಲ್ಲ, ಒಲೆಯ ಮೇಲಿನ ಹಾಲು ನೋಡಿಕೋ ಎನ್ನುವಷ್ಟೇ ದನಿ. ಚನ್ನವೀರನ ಕೈ ಅಲ್ಲೇ ನಿಂತಿತು.

"ಇವರು ಹೇಳಿದ್ದು ಕೇಳಿದಿ?"

"ಕೇಳಿದೆ ಚಿಗವ್ವಾ. ಹಂಡೆ ಎರಡು ಹೋಳ ಆತಂತ, ನೀವು ಆರಾಮ ಆದ್ರಂತ."

"ಬಾ ಇಲ್ಲಿ."

ಅವನನ್ನು ಬಚ್ಚಲ ಮನೆಗೆ ಕರೆದುಕೊಂಡು ಹೋದಳು. ನಾನೂ ಹಿಂದೆ ಹೋದೆ. ಹೋಗದೆ ಏನು ಮಾಡಲಿ. ಒಲೆಯ ಮೇಲೆ ಹಂಡೆ ಇತ್ತು, ಅದರಲ್ಲಿ ನೀರು ಕಾಯುತ್ತಿತ್ತು. ಹೊಟ್ಟೆಯ ಮೇಲೆ ಅಂಗೈ ಅಗಲದ ತಗ್ಗು. ಇಪ್ಪತ್ತೆರಡು ವರ್ಷಗಳಲ್ಲಿ ಆ ತಗ್ಗನ್ನು ತಿದ್ದಿಕೊಡುತ್ತೇನೆ ಎಂದು ನಾನು ಹೇಳಿರಲಿಲ್ಲ, ತಿದ್ದಿಕೊಡಿ ಎಂದು ಅವಳೂ ಕೇಳಿರಲಿಲ್ಲ.

"ಹೋಳಾಗಿಲ್ಲ," ಎಂದ ಚನ್ನವೀರ.

"ಹೋಳಾಗಿಲ್ಲ," ಎಂದಳು ಸಾವಂತ್ರಿ. ನನ್ನ ಕಡೆ ತಿರುಗಿ, "ಇನ್ನ ಉಳಿದದ್ದು ನೀವ ಹೇಳ್ರಿ. ನಾ ಹೇಳಿದ್ರ ಛಲೋ ಆಗಾಂಗಿಲ್ಲ," ಎಂದಳು.

ಹೇಳಿದೆ. ಬಚ್ಚಲ ಮನೆಯ ಹೊಸ್ತಿಲ ಮೇಲೆ ಕುಳಿತು, ಒಂದು ಗುಬ್ಬಿಯನ್ನೂ ಸೇರಿಸದೆ ಹೇಳಿದೆ.

ಕೂಸು ಹುಟ್ಟಿದ ಒಂಬತ್ತನೆಯ ದಿನಕ್ಕೆ ಸಾವಂತ್ರಿಯ ನಿದ್ದೆ ಹೋಯಿತು. ಹನ್ನೆರಡನೆಯ ದಿನಕ್ಕೆ ಮಾತು ಹೋಯಿತು. ಬಾಣಂತಿ ಕೋಣೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಕುಳಿತವಳು ಗಂಜಿ ಮುಟ್ಟಲಿಲ್ಲ. ಬಚ್ಚಲ ಮನೆಯಿಂದ ಹಂಡೆ, "ಈ ಕೂಸು ನಂದಲ್ಲ, ನಂದು ಎಲ್ಲೈತಿ?" ಎಂದು ಕೇಳುತ್ತಿತ್ತು. ಬೆಳಗಿನಿಂದ ಕೇಳುತ್ತಿತ್ತು. ನಮ್ಮವ್ವ ಹಿತ್ತಲಲ್ಲಿ ಖಾಲಿ ಒರಳು ಕುಟ್ಟುತ್ತ ಗಂಟಲು ಹರಿಯುವ ಹಾಗೆ ಹಾಡುತ್ತಿದ್ದಳು. ನಾನು ನಲವತ್ತು ದಿನ ಕುಳಿತೆ ಎಂದೆನಲ್ಲ, ನಲವತ್ತು ಎಣಿಸುವಷ್ಟು ಹೊತ್ತೂ ಕುಳಿತಿರಲಿಲ್ಲ. ಆಗ ಒಂದು ದಿನದ ದಾರಿಯ ಊರಿನಲ್ಲಿದ್ದ ಜಟ್ಟೆಪ್ಪನನ್ನು ಕರೆತರುತ್ತೇನೆ ಎಂದು ಹೊರಟುಹೋದೆ. ಅವನನ್ನು ಕರೆದವನು ನಾನೇ.

ನಾನಿಲ್ಲದಾಗ ಬಳೆ ಮಾರುವ ಬೀಬವ್ವ ಬಂದಳು. ಬಾಣಂತಿಗೆ ಹಸಿರು ಬಳೆ ತೊಡಿಸಲು ಬುಟ್ಟಿ ಹೊತ್ತು ಬೇರೆ ಊರಿನಿಂದ ಬರುವವಳು. ನಡುಮನೆಯಲ್ಲಿ ಯಾರೂ ಇಲ್ಲ. ಬಚ್ಚಲ ಮನೆಯಿಂದ, "ಯಾರ ಅಲ್ಲಿ?" ಎಂದಿತು. ಬಾಣಂತಿ ನೀರು ಹಾಕಿಕೊಳ್ಳುತ್ತಿದ್ದಾಳೆ ಎಂದುಕೊಂಡ ಬೀಬವ್ವ ಬುಟ್ಟಿ ಇಳಿಸಿ, "ನಾನ್ ನನ್ನವ್ವಾ, ಬಳಿ ಬೀಬವ್ವ. ಅವಸರ ಮಾಡಬ್ಯಾಡ, ಕುಂತಿರ್ತೀನಿ," ಎಂದಳು.

ನಮ್ಮೂರಿನ ಇತಿಹಾಸದಲ್ಲಿ ಪಾತ್ರೆಗೆ ಯಾರಾದರೂ ಓಗೊಟ್ಟದ್ದು ಅದೇ ಮೊದಲು. ಹಂಡೆಯೂ ಬೆಚ್ಚಿಬಿದ್ದಿರಬೇಕು. ಬಹಳ ಹೊತ್ತಿನ ಮೇಲೆ, "ಕೂಸು ನಂದಲ್ಲ ಬೀಬವ್ವ," ಎಂದಿತು.

"ನನ್ನ ಎರಡನೇದು ಹುಟ್ಟಿದಾಗ ನನಗೂ ಹಂಗ ಅನಿಸಿತ್ತು. ಮಾರಿ ನೋಡಿದ್ರ ಪುಕ್ಕ ಕಿತ್ತ ಹುಂಜ. ಹದಿನೈದು ದಿನಾ ಅದರ ಕಡೆ ತಿರುಗಿ ನೋಡಲಿಲ್ಲ."

"ಆಮ್ಯಾಲ?"

"ಆಮ್ಯಾಲೇನ, ನೋಡಿದೆ."

ಅವ್ವ ಗಂಟಲು ಒಣಗಿ ನೀರಿಗೆ ಒಳಗೆ ಬಂದಾಗ ಬೀಬವ್ವ ಹಂಡೆಯೊಡನೆ ಏಳು ಹೆರಿಗೆಗಳ ಕಥೆಯಲ್ಲಿ ಐದನೆಯದನ್ನು ಹೇಳುತ್ತಿದ್ದಳು. ಅವ್ವ ಹಣೆ ಬಡಿದುಕೊಂಡಳು. "ಓ ಅಂದಿಯೇನ? ಸತ್ತಿ ನೀನು!"

"ಮುಂಜಾನಿಂದ ಮಾತಾಡಾಕತ್ತೀನಿ. ಸಾಯಾಕ ಇನ್ನ ಎಷ್ಟೊತ್ತು ಬೇಕು?" ಎಂದಳು ಬೀಬವ್ವ.

ಆಗ ಅವ್ವ ನೋಡಿದ್ದು, ಸಾವಂತ್ರಿ ಗೋಡೆ ಬಿಟ್ಟು ಬಚ್ಚಲ ಮನೆಯ ಬಾಗಿಲ ಕಡೆಗೆ ತಿರುಗಿ ಕುಳಿತಿದ್ದಳು. ಪಕ್ಕದಲ್ಲಿ ಗಂಜಿಯ ಬಟ್ಟಲು ಖಾಲಿಯಾಗಿತ್ತು. ಹಂಡೆ, "ಅತ್ತೀ, ಕೂಸನ್ನ ನನ್ನೊಬ್ಬಾಕಿ ಹತ್ರ ಬಿಡಬ್ಯಾಡ್ರಿ. ನನ್ನ ಕೈ ಮ್ಯಾಲ ನನಗ ಭರೋಸೆ ಇಲ್ಲ," ಎಂದಿತು. ಇದನ್ನೂ ಅದು ನಾಲ್ಕು ದಿನದಿಂದ ಹೇಳುತ್ತಿತ್ತಂತೆ. ಒನಕೆಯ ಸದ್ದಿನಲ್ಲಿ ಯಾರಿಗೂ ಕೇಳಿಸಿರಲಿಲ್ಲ. ಅರವತ್ತು ವರ್ಷ ನೇಮ ಮುರಿಯದ ನಮ್ಮವ್ವ ಬಚ್ಚಲ ಮನೆಯ ಒದ್ದೆ ನೆಲದ ಮೇಲೆ ಕುಸಿದು ಕುಳಿತು, "ಬಿಡೂದಿಲ್ಲ ನನ್ನವ್ವಾ. ನಾ ಮಗ್ಗುಲಾಗ ಇರ್ತೀನಿ," ಎಂದಳು.

ನಾನು ಜಟ್ಟೆಪ್ಪನ ಜೊತೆ ಮನೆ ಮುಟ್ಟಿದ್ದು ಮೂರನೆಯ ದಿನ. ಓಣಿಯಿಂದಲೇ ಕೇಳುತ್ತಿತ್ತು: ಮೂವರು ಹೆಂಗಸರ ಮಾತು, ಎರಡು ಬಾಯಿಂದ, ಒಂದು ತಾಮ್ರದಿಂದ. ನಡುವೆ ನಗುವೂ ಇತ್ತು. ನನ್ನ ಕಾಲಸಪ್ಪಳ ಕೇಳಿ ಹಂಡೆ, "ಅವರು ಬಂದ್ರೇನು? ಒಳಗ ಕರೀರಿ, ಅವರನ್ನ ಒಂದ ಮಾತು ಕೇಳೂದೈತಿ," ಎಂದಿತು.

ನನಗೆ ಏನು ಕೇಳುತ್ತಾಳೋ ಎಂದು ಭಯವಾಯಿತು. ಎಲ್ಲಿ ಹೋಗಿದ್ದೆ ಎಂದು ಕೇಳಿದರೆ? ಯಾರನ್ನು ಕರೆತಂದೆ ಎಂದು ಕೇಳಿದರೆ? ಮೂಲೆಯಲ್ಲಿದ್ದ ಸುತ್ತಿಗೆ ಎತ್ತಿಕೊಂಡು ಹಂಡೆಗೆ ಹೊಡೆದೆ. ಸದ್ದೇನೋ ದೊಡ್ಡದಾಗಿಯೇ ಬಂತು. ಅದಾದ ಮೇಲೆ ಹಂಡೆ ಮಾತಾಡಲಿಲ್ಲ. ಸಾವಂತ್ರಿಯೂ ಮಾತಾಡಲಿಲ್ಲ, ತಿರುಗಿ ಗೋಡೆಗೆ ಮುಖ ಮಾಡಿದಳು, ಗಂಜಿ ಬಿಟ್ಟಳು. ಎಂಟು ದಿನ. ಜಟ್ಟೆಪ್ಪ ಬಾಗಿಲಿಗೆ ಬಂದರೆ ಅವ್ವ ಮತ್ತು ಬೀಬವ್ವ ಅಡ್ಡ ಕುಳಿತಿದ್ದರು. ಅರ್ಧ ದಿನ ಕಾದು ಹೊರಟುಹೋದ. ಅವರಿಬ್ಬರೂ ಮೂಕ ಹಂಡೆಗೇ ಮಾತಾಡುತ್ತ ಇದ್ದರು: ಇವತ್ತು ಕೂಸು ಇಷ್ಟು ಹಾಲು ಕುಡಿಯಿತು, ಇವತ್ತು ಸೀನಿತು. ಒಂಬತ್ತನೆಯ ದಿನ ಕೂಸಿಗೆ ಹಚ್ಚುವ ಎಣ್ಣೆಯ ಬಟ್ಟಲಿನಿಂದ, ಇರುವೆ ಮಾತಾಡಿದಷ್ಟು ಸಣ್ಣ ದನಿಯಲ್ಲಿ, "ಅದಕ್ಕ ಹಸಿವಾಗೈತಿ" ಎಂದು ಕೇಳಿಸಿತು. ಅಲ್ಲಿಂದ ಅವಳ ಬಾಯಿಗೆ ಮಾತು ಮರಳಿ ಬರಲು ನಾಲ್ಕು ತಿಂಗಳು ಬೇಕಾಯಿತು. ಆಮೇಲೂ ಎರಡು ವರ್ಷ, ಮೋಡ ಕವಿದ ದಿನಗಳಲ್ಲಿ, ಅಪರೂಪಕ್ಕೆ ಬಟ್ಟಲು ಮಾತಾಡುವುದಿತ್ತು. ಹತ್ತಿರ ಯಾರಿದ್ದರೋ ಅವರು ಓ ಅನ್ನುತ್ತಿದ್ದರು. ನಮ್ಮ ಓಣಿಯ ಹೆಂಗಸರು ಅವತ್ತಿನಿಂದ, ಗಂಡಸರಿಗೆ ಗೊತ್ತಾಗದ ಹಾಗೆ, ಪಾತ್ರೆಗಳಿಗೆ ಓಗೊಡುತ್ತಲೇ ಇದ್ದಾರೆ. ಈ ಸಂಗತಿ ಮೇಲಿನ ಪೇಟೆ ಮುಟ್ಟಲಿಲ್ಲ. ಅಲ್ಲಿಗೆ ಮುಟ್ಟಿದ್ದು ನನ್ನ ಸುತ್ತಿಗೆಯ ಕಥೆ.

"ನನ್ನ ಏಟಿಗೆ ಯಾರೂ ವಾಸಿ ಆಗಿಲ್ಲ ತಮ್ಮಾ," ಎಂದೆ. "ಆದದ್ದು ಎಂಟು ದಿನದ ನಷ್ಟ."

ಚನ್ನವೀರ ಸುತ್ತಿಗೆಯನ್ನು ನೋಡಿಕೊಂಡ. ಅದು ಇನ್ನೂ ಅವನ ಕೈಯಲ್ಲೇ ಇತ್ತು. "ಹಂಗಾದ್ರ ನಾ ಏನ ಮಾಡ್ಲಿ? ಮಧ್ಯಾಹ್ನ ಆಗಾಕ ಬಂತು."

"ಟವಲ್ ಬಿಚ್ಚು," ಎಂದಳು ಸಾವಂತ್ರಿ.

ಬಿಚ್ಚಿದ. ತಂಬಿಗೆಯ ಬಾಯಿಗೆ ಬಟ್ಟೆ ತುರುಕಿದ್ದರು, ಅದನ್ನೂ ತೆಗೆದ. ಆಮೇಲೆ, "ಅಣ್ಣಾ, ಇವರು ಹೊಡೀತಾರೇನು?"

ಮೂವತ್ತು ವರ್ಷ ಕಲಿತ ನೇಮ ಚನ್ನವೀರನಿಗೆ ಅಡ್ಡ ನಿಂತಿತು. ಸಾವಂತ್ರಿಯ ಕಡೆ ನೋಡಿದ, ನೀವೇ ಹೇಳಿ ಎಂಬಂತೆ.

"ನಾ ಓ ಅನ್ನಾಕ ತಯಾರ ಅದೀನಿ. ಆದ್ರ ಆಕಿ ಕರದದ್ದು ನಿನ್ನ," ಎಂದಳು ಅವಳು.

"ನನಗೂ ರೋಗ ಹತ್ತಿದ್ರ? ಮನಿಯಾಗ ದುಡಿಯಾಂವ ನಾನೊಬ್ಬನ."

"ನಾನು ಇಪ್ಪತ್ತೆರಡು ವರ್ಷದಿಂದ ಇವರ ಮಾತಿಗೆ ಓ ಅನ್ನಾಕತ್ತೀನಿ. ನನಗ ಹತ್ತಿತೇನು?"

ಅಳುವಿನ ನಡುವೆ ಅವನಿಗೆ ಪಿಸಕ್ಕನೆ ನಗು ಬಂತು. ಆ ನಗುವಿನ ಸಂದಿಯಲ್ಲೇ ಮಾತೂ ಹೊರಬಿತ್ತು. ತಂಬಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ಮುಖದ ಹತ್ತಿರ ತಂದು, "ಇಲ್ಲ ತಂಗೀ. ಹೊಡ್ಯಾಂಗಿಲ್ಲ. ನಾ ಇಲ್ಲೇ ಅದೀನಿ," ಎಂದ.

"ಎರಡ ತಿಂಗಳಿಂದ ಕರ್ಯಾಕತ್ತೀನಿ. ಎಲ್ಲಿ ಹೋಗಿದ್ದಿ?"

"ಮಗ್ಗುಲಾಗ ಇದ್ದೆ," ಎಂದ ಚನ್ನವೀರ. ಬಿಕ್ಕಿ ಅತ್ತ. ತಂಬಿಗೆಯೂ ಅತ್ತಿತು. ಹಿತ್ತಾಳೆ ಅತ್ತರೆ ಹೇಗಿರುತ್ತದೆ ಎಂದು ಕಂಚುಗಾರನಾದ ನನಗೇ ಅವತ್ತಿನ ತನಕ ಗೊತ್ತಿರಲಿಲ್ಲ. ಅಷ್ಟು ಹತ್ತಿರದಿಂದ ನಾನು ಯಾವ ಪಾತ್ರೆಗೂ ಕಿವಿಗೊಟ್ಟಿರಲಿಲ್ಲ.

ಸಾವಂತ್ರಿ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಬಾ. ನಿಮ್ಮ ಬಾಗಿಲಿಗೆ ಅಡ್ಡ ಕುಂಡ್ರಾಕ ಮಂದಿ ಬೇಕು." ಬೀಬವ್ವ ಈಗ ಎಂಬತ್ತು ದಾಟಿದವಳು, ಬುಟ್ಟಿ ಇಳಿಸಿ ನಮ್ಮೂರಿನಲ್ಲೇ ಮಗಳ ಮನೆಯಲ್ಲಿದ್ದಾಳೆ, ದಾರಿಯಲ್ಲಿ ಅವಳನ್ನೂ ಎಬ್ಬಿಸಿಕೊಂಡೆವು. ಚನ್ನವೀರ ತಂಬಿಗೆಯನ್ನು ಬಿಚ್ಚಿಯೇ ಹಿಡಿದುಕೊಂಡು ಅದರೊಡನೆ ಮಾತಾಡುತ್ತ ನಡುಬೀದಿಯಲ್ಲಿ ನಡೆದ. ಜನ ಸರಿದು ನಿಂತರು. ಯಾರೋ ಒಬ್ಬ ಮುದುಕ "ಓ ಅನ್ನಬ್ಯಾಡೋ!" ಎಂದು ಕೂಗಿದ್ದಕ್ಕೆ ಬೀಬವ್ವ, "ನಿನಗ ಯಾರೂ ಅನ್ನಾಂಗಿಲ್ಲ, ಬಿಡೋ ಅಣ್ಣಾ," ಎಂದಳು.

ಚನ್ನವೀರನ ಮನೆಯ ನಡುಮನೆಯಲ್ಲಿ ಗುರವ್ವ ಕಂಬಕ್ಕೆ ಒರಗಿದ್ದಳು, ಸೊಂಟಕ್ಕೆ ಹಗ್ಗ. ಚನ್ನವೀರ ಹಗ್ಗ ಬಿಚ್ಚಿ, ತಂಬಿಗೆಯನ್ನು ಅವಳ ಮಡಿಲಲ್ಲಿಟ್ಟು, ಎದುರಿಗೆ ಕುಳಿತ. ಸಾವಂತ್ರಿ, ಬೀಬವ್ವ, ನಾನು ಹೊಸ್ತಿಲ ಮೇಲೆ ಅಡ್ಡ ಕುಳಿತೆವು. ಜಟ್ಟೆಪ್ಪನ ಮಗ ಒಲೆ ಹೊತ್ತು ಬಂದ. ಸರಳು ಆಗಲೇ ಕೆಂಪಗಿತ್ತು. ಹಿರಿಯರು ನಾಲ್ಕು ಮಂದಿ ಅವನ ಹಿಂದೆ. "ಏಳ್ರಿ," ಎಂದರು. ಹೆಂಗಸರಿಬ್ಬರೂ ನನ್ನ ಮುಖ ನೋಡಿದರು.

ನನಗೆ ಬರುವುದು ಒಂದೇ ವಿದ್ಯೆ. "ಏಳ್ತೀವಪ್ಪಾ, ಏಳ್ತೀವಿ. ಅದಕ್ಕ ಮೊದಲ ಒಂದ ಮಾತು. ನಿಮ್ಮಪ್ಪ ಜಟ್ಟೆಪ್ಪ ಎಂಥಾ ಮನಿಶ್ಯಾ ಗೊತ್ತೇನು? ಒಮ್ಮೆ ಹುಲಿಗೆ ಬರಿ ಹಾಕಿದ್ದ, ಗೊತ್ತೇನು?" ಎಂದು ಶುರುಮಾಡಿದೆ. ಹುಲಿ ಮುಗಿದು ಆನೆ ಬಂತು, ಆನೆ ಮುಗಿದು ಆನೆಯ ಹೆಂಡತಿ ಬಂದಳು. ಹಿರಿಯರು ಮೊದಲು ನಿಂತು ಕೇಳಿದರು, ಆಮೇಲೆ ಕುಳಿತು ಕೇಳಿದರು. ಸರಳು ಕೆಂಪಿನಿಂದ ಕಪ್ಪಾಯಿತು, ಇದ್ದಿಲು ಬೂದಿಯಾಯಿತು. ಅಷ್ಟರಲ್ಲಿ ಒಳಗಿನಿಂದ ಅಣ್ಣ ತಂಗಿಯರ ಮಾತು ಎಲ್ಲರಿಗೂ ಕೇಳಿಸತೊಡಗಿತ್ತು. ಸತ್ತ ಗಂಡನಿಗೆ ಯಾವ ಪಲ್ಯ ಇಷ್ಟವಿತ್ತು ಎಂದು ತಂಬಿಗೆ ಹೇಳುತ್ತಿತ್ತು, ಹೀರೇಕಾಯಿ ಎಂದಿತು. ಚನ್ನವೀರ ಅಲ್ಲ, ಬದನೆಕಾಯಿ ಎಂದ. ಹಿರಿಯರಲ್ಲಿ ಒಬ್ಬರು ತಡೆಯಲಾಗದೆ, "ಹೀರೀಕಾಯೇ ಖರೆ. ನಮ್ಮನಿಯಾಗ ಉಂಡಿದ್ದ," ಎಂದು ಕೂಗಿ, ತಾವೇ ಓಗೊಟ್ಟೆವೆಂದು ಗೊತ್ತಾಗಿ ಬಾಯಿ ಮುಚ್ಚಿಕೊಂಡರು. ಜಟ್ಟೆಪ್ಪನ ಮಗ ಬೂದಿಯನ್ನು ಕೆದಕಿ ನೋಡಿದ, ಒಲೆ ಎತ್ತಿಕೊಂಡು ಹೋದ. ಇಷ್ಟು ಮಾತ್ರ ನಾನು ಉತ್ಪ್ರೇಕ್ಷೆ ಮಾಡಿಲ್ಲ. ಆನೆಯ ಹೆಂಡತಿ ಬಿಟ್ಟು.

ಬಿಸಿಲು ತಗ್ಗಿದ ಮೇಲೆ ಸಾವಂತ್ರಿಯೂ ನಾನೂ ಮನೆಯ ಕಡೆ ನಡೆದೆವು. ಗುರವ್ವನ ಬಾಯಿಂದ ಇನ್ನೂ ಮಾತು ಬಂದಿರಲಿಲ್ಲ. ಆದರೆ ಅವಳು ಅಣ್ಣನ ಕೈಯಿಂದ ಎರಡು ತುತ್ತು ತಿಂದಿದ್ದಳು. ನಾಳೆ ಮತ್ತೆ ಬರುವುದಾಗಿ ಸಾವಂತ್ರಿ ಹೇಳಿ ಬಂದಿದ್ದಳು. ಬೀದಿಯಲ್ಲಿ ಯಾರೂ ಇರಲಿಲ್ಲ. ಇಷ್ಟು ವರ್ಷ ಕೇಳದಿದ್ದದ್ದು ಅವತ್ತು ನಾಲಿಗೆಗೆ ಬಂತು.

"ಅವತ್ತು ಹಂಡೆಯಾಗಿಂದ ಒಂದ ಮಾತು ಕೇಳೂದೈತಿ ಅಂದಿದ್ದಿಯಲ್ಲ," ಎಂದೆ. "ಏನದು?"

ಅವಳು ನಡೆಯುವುದನ್ನು ನಿಲ್ಲಿಸಲಿಲ್ಲ. "ಅದಾ? ಮೂರ ದಿನಾ ತಿರುಗಿ ಬಂದಾರ, ಉಂಡಾರೋ ಇಲ್ಲೋ ಅಂತ ಕೇಳೂದಿತ್ತು."

ನಾನು ಹತ್ತು ಹೆಜ್ಜೆ ನಡೆದೆ. ಅಷ್ಟರಲ್ಲಿ ಏಳು ಉತ್ತರಗಳು ಹೊಳೆದವು: ಮೂರು ದಿನ ಬರೀ ಗಾಳಿ ಕುಡಿದೆ, ದಾರಿಯ ಧೂಳು ತಿಂದೆ, ಕಣ್ಣೀರಿನಲ್ಲಿ ಕಲ್ಲು ಕಲಸಿಕೊಂಡು ಉಂಡೆ. ಒಂದಕ್ಕಿಂತ ಒಂದು ಚೆನ್ನಾಗಿದ್ದವು. ಅವಳು ನನ್ನ ಮುಖ ನೋಡುತ್ತಿದ್ದಳು.

"ಉಂಡಿದ್ದೆ," ಎಂದೆ. "ಜಟ್ಟೆಪ್ಪನ ಮನಿಯಾಗ. ಹೋಳಿಗಿ ಮಾಡಿದ್ರು. ಎರಡ ಸಲ ಹಾಕಿಸಿಕೊಂಡೆ."